ಸುಳ್ಳು ಬ್ಯಾನಿಯೋ, ಹೆರಿಗೆ ಬ್ಯಾನಿಯೋ? ಒಂದು ಗಂಟೆ ಗಡಿಯಾರ ನೋಡಿ

ರಾತ್ರಿ ಹತ್ತೂವರೆ ದಾಟಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನನ್ನ ತಂಗಿ ಎದ್ದು ಕೂತು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಳು. "ಅಕ್ಕಾ, ಹೊಟ್ಟಿ ಕಲ್ಲಾದಂಗ ಆಗೇತಿ. ಬ್ಯಾನಿ ಸುರು ಆದ್ವೇನ?" ಅವ್ವ ಎದ್ದು ಒಲೆ ಹಚ್ಚಿದಳು. "ತಡಿಯವಾ, ಒಂದೀಟು ಜೀರಗಿ ಕಷಾಯ ಕುಡದು ನೋಡು. ಸುಳ್ಳ ಬ್ಯಾನಿ ಇದ್ರ ಇಳೀತಾವ." ಅಪ್ಪ ಆಗಲೇ ಓಣಿಯ ಕಾರಿನವನಿಗೆ ಫೋನ್ ಹಚ್ಚಿದ್ದ.

ನಾನು ಹುಬ್ಬಳ್ಳಿಯಲ್ಲಿ ಹೆರಿಗೆ ವಾರ್ಡಿನ ನರ್ಸ್. ಕುಂದಗೋಳ, ನವಲಗುಂದ, ಕಲಘಟಗಿ, ಶಿಗ್ಗಾಂವಿ ಕಡೆಯಿಂದ ನಡುರಾತ್ರಿ ಬಸುರಿಯರನ್ನು ಕರೆದುಕೊಂಡು ಬರುವ ಮನೆಯವರ ಮುಖ ನನಗೆ ಚೆನ್ನಾಗಿ ಗೊತ್ತು. ಆ ರಾತ್ರಿ ಅದೇ ಮುಖ ನಮ್ಮ ಮನೆಯಲ್ಲಿತ್ತು. ಗೋಡೆಯ ಕ್ಯಾಲೆಂಡರಿನಿಂದ ಹಳೆಯ ತಿಂಗಳ ಹಾಳೆ ಹರಿದು, ಅದರ ಬೆನ್ನಿಗೆ ವೇಳೆ ಬರೆಯುತ್ತ ಕೂತೆ.

ಹಾಳೆಯಲ್ಲಿ ಹೀಗಿದೆ: 10:40, 10:52, 11:20, 11:28, 12:05. ಆಮೇಲೆ ಏನೂ ಇಲ್ಲ. ತಂಗಿ ನಿದ್ದೆ ಹೋದಳು.

ಆರು ದಿನ ಬಿಟ್ಟು ಇನ್ನೊಂದು ರಾತ್ರಿ ಅದೇ ಹಾಳೆಯ ಕೆಳಗೆ ಬರೆದದ್ದು ಇದು: 2:10, 2:22, 2:35, 2:45, 2:55, 3:03, 3:12, 3:19.

ಎರಡೂ ಸಾಲನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಮೊದಲ ಸಾಲಿನಲ್ಲಿ ನೋವಿನ ನಡುವಿನ ಅಂತರ 12 ನಿಮಿಷ, ಆಮೇಲೆ 28, ಆಮೇಲೆ 8, ಆಮೇಲೆ 37. ಹಿಡಿತವೇ ಇಲ್ಲ. ಎರಡನೆಯದರಲ್ಲಿ 12, 13, 10, 10, 8, 9, 7. ಒಂದೆರಡು ನಿಮಿಷ ಹಿಂದೆ ಮುಂದೆ ಆದರೂ ಒಟ್ಟಿನಲ್ಲಿ ಹತ್ತಿರ ಹತ್ತಿರ ಬರುತ್ತಿದೆ. ಒಂದೊಂದು ನೋವು ಎಷ್ಟು ಹೊತ್ತು ನಿಂತಿತು ಅಂತಲೂ ಪಕ್ಕದಲ್ಲಿ ಬರೆದಿದ್ದೆ. ಮೊದಲ ರಾತ್ರಿ 40 ಸೆಕೆಂಡ್, 20, 60, 15, 30. ಎರಡನೇ ರಾತ್ರಿ 25ರಿಂದ ಶುರುವಾಗಿ, ಗಂಟೆ ತುಂಬುವಷ್ಟರಲ್ಲಿ 45ಕ್ಕೆ ಬಂದಿತ್ತು.

ಮೊದಲ ಸಾಲು ಸುಳ್ಳು ಬ್ಯಾನಿಯದು, ಎರಡನೆಯದು ಹೆರಿಗೆ ಬ್ಯಾನಿಯದು. ಆದರೆ ಯಾವ ರಾತ್ರಿ ಜಾಸ್ತಿ ನೋವಿತ್ತು ಅಂತ ತಂಗಿಯನ್ನು ಕೇಳಿದರೆ, ಮೊದಲ ರಾತ್ರಿ ಅಂತಲೇ ಇವತ್ತೂ ಹೇಳುತ್ತಾಳೆ. ನಾನು ಹೇಳಬೇಕಾದ ಮಾತು ಇದೇ. ನೋವು ಎಷ್ಟಿದೆ ಅನ್ನುವುದರ ಮೇಲೆ ತೀರ್ಮಾನ ಮಾಡಬೇಡಿ. ಅದು ಒಂದು ಗಂಟೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ನೋಡಿ. ಗಂಟೆ ಕಾಯಲೇಬಾರದ ಕೆಲವು ಸಂದರ್ಭಗಳೂ ಇವೆ. ಅವನ್ನು ಮುಂದೆ ಹೇಳುತ್ತೇನೆ, ದಯವಿಟ್ಟು ಬಿಟ್ಟು ಓದಬೇಡಿ.

ಹೊಟ್ಟೆ ಕಲ್ಲಾಗುವುದು ಅಂದರೇನು?

ಗರ್ಭಕೋಶ ಅಂದರೆ ಒಂದು ದಪ್ಪ ಸ್ನಾಯುವಿನ ಚೀಲ. ತೋಳಿನ ಸ್ನಾಯು ಬಿಗಿ ಹಿಡಿದು ಸಡಿಲ ಬಿಟ್ಟ ಹಾಗೆ ಇದೂ ಬಿಗಿಯುತ್ತದೆ, ಸಡಿಲಾಗುತ್ತದೆ. ಬಸುರಿನ ಮೊದಲ ತಿಂಗಳುಗಳಿಂದಲೇ ಇದು ನಡೆಯುತ್ತಿರುತ್ತದೆ, ನಮಗೆ ತಿಳಿಯುವುದಿಲ್ಲ ಅಷ್ಟೇ. ಏಳು, ಎಂಟು ತಿಂಗಳಿಗೆ ಬಂದಾಗ ಹಲವರಿಗೆ ತಿಳಿಯತೊಡಗುತ್ತದೆ. ಕೆಲವರಿಗೆ ಅದಕ್ಕೂ ಮೊದಲೇ ಗೊತ್ತಾಗುತ್ತದೆ. ಎರಡನೇ ಬಸುರಿನಲ್ಲಂತೂ ಬೇಗ ಗುರುತು ಹತ್ತುತ್ತದೆ.

ಡಾಕ್ಟರುಗಳು ಇದನ್ನು 'ಬ್ರಾಕ್ಸ್‌ಟನ್ ಹಿಕ್ಸ್' ಅಂತಾರೆ. ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಅನ್ನುವ ಇಂಗ್ಲೆಂಡಿನ ಡಾಕ್ಟರು 1872ರಲ್ಲಿ ಇದರ ಬಗ್ಗೆ ಬರೆದರು, ಹಾಗಾಗಿ ಆ ಹೆಸರು. ಸ್ಕ್ಯಾನಿಂಗ್ ಇಲ್ಲದ ಆ ಕಾಲದಲ್ಲಿ, ಹೀಗೆ ಬಿಗಿದು ಸಡಿಲಾಗುವುದು ಬಸುರಿನ ಗುರುತು ಅಂತ ಅವರು ಹೇಳಿದ್ದು. ನಮ್ಮ ಸೂಲಗಿತ್ತಿಯರಿಗೆ, ಅಜ್ಜಿಯರಿಗೆ ಇದು ಸುಳ್ಳು ಬ್ಯಾನಿ. ಹೆಸರಲ್ಲಿ ಸುಳ್ಳು ಅಂತಿದ್ದರೂ ನೋವು ಸುಳ್ಳಲ್ಲ. "ನಿನಗ ಏನೂ ಆಗಿಲ್ಲ, ಸುಮ್ನ ಮಲಕೋ" ಅಂತ ಬಸುರಿಗೆ ಯಾರೂ ಹೇಳಬಾರದು. ಗರ್ಭಕೋಶ ನಿಜವಾಗಿಯೇ ಬಿಗಿದಿರುತ್ತದೆ. ಕೂಸನ್ನು ಹೊರಗೆ ತರುವ ಕೆಲಸ ಮಾತ್ರ ಇನ್ನೂ ಶುರುವಾಗಿರುವುದಿಲ್ಲ.

ಕೈಯಿಟ್ಟು ನೋಡುವುದನ್ನು ಎಲ್ಲರೂ ಕಲಿಯಬಹುದು. ಹೊಕ್ಕುಳದ ಮೇಲ್ಗಡೆ ಅಂಗೈ ಚಪ್ಪಟೆಯಾಗಿ ಇಡಿ. ಒತ್ತಬೇಡಿ. ಈಗ ಇನ್ನೊಂದು ಕೈಯ ಬೆರಳಿಂದ ನಿಮ್ಮ ಮೂಗಿನ ತುದಿ ಮುಟ್ಟಿ, ಆಮೇಲೆ ಗದ್ದ, ಆಮೇಲೆ ಹಣೆ. ಹೊಟ್ಟೆ ಬಿಗಿದಾಗ ಮೂಗಿನ ತುದಿಯ ಹಾಗೆ ಬೆರಳಿಗೆ ತಗ್ಗಿದರೆ ಬಿಗಿತ ಕಡಿಮೆ. ಗದ್ದದ ಹಾಗಿದ್ದರೆ ಮಧ್ಯಮ. ಹಣೆಯ ಹಾಗೆ ತಗ್ಗದೇ ಇದ್ದರೆ ಜೋರು. ನರ್ಸಿಂಗ್ ಓದುವಾಗ ನಮಗೆ ಹೀಗೇ ಕಲಿಸಿದ್ದು. ಅವ್ವನ ಕೈಯನ್ನು ತಂಗಿಯ ಹೊಟ್ಟೆ ಮೇಲೆ ಇಟ್ಟು ತೋರಿಸಿದೆ. ಎರಡನೇ ಸಲ ಬಿಗಿದಾಗ ಅವ್ವನೇ ಹೇಳಿದಳು, "ಈಗ ಗದ್ದದಂಗ ಐತಿ ನೋಡು." ಎಷ್ಟು ಗಟ್ಟಿ ಅನ್ನುವುದಕ್ಕಿಂತ, ಹೋಗ್ತಾ ಹೋಗ್ತಾ ಗಟ್ಟಿ ಆಗ್ತಿದೆಯಾ ಅನ್ನುವುದು ಮುಖ್ಯ.

ಸುಳ್ಳು ಬ್ಯಾನಿಯಲ್ಲಿ ಬಿಗಿತ ಹೆಚ್ಚಾಗಿ ಹೊಟ್ಟೆಯ ಮುಂಭಾಗದಲ್ಲೇ ಇರುತ್ತದೆ. ದಿನವಿಡೀ ನಿಂತು ಕೆಲಸ ಮಾಡಿದ ಸಂಜೆ, ಉಚ್ಚೆ ತಡೆದುಕೊಂಡಾಗ, ಗಂಡ ಹೆಂಡತಿ ಕೂಡಿದ ಮೇಲೆ, ಕೂಸು ಜೋರಾಗಿ ಆಡಿದಾಗ ಜಾಸ್ತಿ ಬರುತ್ತದೆ. ಇವೆಲ್ಲಕ್ಕಿಂತ ದೊಡ್ಡ ಕಾರಣವನ್ನು ನಮ್ಮ ಕಡೆ ಬೇಸಿಗೆಯಲ್ಲಿ ನೋಡುತ್ತೇನೆ: ನೀರು ಕುಡಿಯದೇ ಇರುವುದು. ಗದಗ, ರೋಣ, ಮುಂಡರಗಿ ಕಡೆ ಏಪ್ರಿಲ್ ಬಿಸಿಲು ಹೇಗಿರುತ್ತದೆ ಗೊತ್ತಲ್ವಾ. ಹೊಲಕ್ಕೆ ಹೋದ ಬಸುರಿ ಬಯಲಿಗೆ ಹೋಗಲು ಮರೆ ಇಲ್ಲ ಅಂತ ನೀರೇ ಕುಡಿಯುವುದಿಲ್ಲ. ಸಂಜೆ ಮನೆಗೆ ಬಂದಾಗ ಹೊಟ್ಟೆ ಮತ್ತೆ ಮತ್ತೆ ಬಿಗಿಯುತ್ತದೆ.

ಹಾಗಾಗಿ ದಿನ ತುಂಬಿದ ಬಸುರಿಗೆ ಬಿಗಿತ ಶುರುವಾದರೆ, ಬೇರೆ ಏನೂ ತೊಂದರೆ ಇಲ್ಲದಿದ್ದಾಗ, ಮೊದಲು ಉಚ್ಚೆಗೆ ಹೋಗಿ ಬರಲಿ. ದೊಡ್ಡ ಎರಡು ಲೋಟ ನೀರೋ ಮಜ್ಜಿಗೆಯೋ ಕುಡಿಯಲಿ. ಮಲಗಿದ್ದರೆ ಎದ್ದು ಅಡ್ಡಾಡಲಿ, ಅಡ್ಡಾಡುತ್ತಿದ್ದರೆ ಎಡಮಗ್ಗುಲಾಗಿ ಮಲಗಲಿ. ಉಗುರುಬೆಚ್ಚನೆಯ ನೀರಿನಲ್ಲಿ ಸ್ನಾನ ಮಾಡಿದರೂ ಒಳ್ಳೆಯದು. ಸುಳ್ಳು ಬ್ಯಾನಿ ಇದರಿಂದ ಹೆಚ್ಚಾಗಿ ಇಳಿಯುತ್ತದೆ. ಅವ್ವನ ಜೀರಿಗೆ ಕಷಾಯದ ಗುಟ್ಟೂ ಇದೇ ಅಂತ ನನಗನ್ನಿಸುತ್ತದೆ. ಒಂದು ಲೋಟ ಬಿಸಿ ನೀರು ಹೊಟ್ಟೆಗೆ ಹೋಗುತ್ತದೆ, ಕುಡಿಯುವಷ್ಟು ಹೊತ್ತು ಕೂತಿರುತ್ತಾಳೆ, ಪಕ್ಕದಲ್ಲಿ ಒಬ್ಬರು ಇರುತ್ತಾರೆ. ಕುಡಿಸಿ, ತಪ್ಪಿಲ್ಲ. ಆದರೆ ಕಷಾಯ ಇಳಿಯುವ ತನಕ ಅಂತ ಗಂಟೆಗಟ್ಟಲೆ ಕಾಯಬೇಡಿ.

ಹೆರಿಗೆ ಬ್ಯಾನಿ ಯಾಕೆ ನಿಲ್ಲುವುದಿಲ್ಲ?

ಗರ್ಭಕೋಶದ ಕೆಳಗೆ ಒಂದು ಬಾಯಿ ಇದೆ. ಬಸುರಿದ್ದಾಗ ಅದು ಉದ್ದವಾಗಿ, ಮುಚ್ಚಿಕೊಂಡು ಇರುತ್ತದೆ. ಹೆರಿಗೆ ಅಂದರೆ ಈ ಬಾಯಿ ಮೆತ್ತಗಾಗಿ, ತೆಳುವಾಗಿ, ಪೂರ್ತಿ ತೆರೆದುಕೊಳ್ಳುವುದು. ಪೂರ್ತಿ ಅಂದರೆ 10 ಸೆಂಟಿಮೀಟರ್, ಹೆಚ್ಚೂ ಕಡಿಮೆ ಒಂದು ಪೂರಿಯ ಅಗಲ. ವಾರ್ಡಿನಲ್ಲಿ ನಾವು "3 ಸೆಂಟಿಮೀಟರ್ ಆಗಿದೆ" ಅಂದರೆ ಒಂದು ಧಾರವಾಡ ಪೇಡೆಯ ಅಗಲ ಅಂದುಕೊಳ್ಳಿ. ಸುಳ್ಳು ಬ್ಯಾನಿ ಎಷ್ಟೇ ಬಂದರೂ ಈ ಬಾಯಿ ಹೀಗೆ ತೆರೆಯುತ್ತಾ ಹೋಗುವುದಿಲ್ಲ. ಎರಡಕ್ಕೂ ಇರುವ ನಿಜವಾದ ವ್ಯತ್ಯಾಸ ಇದೊಂದೇ. ಉಳಿದದ್ದೆಲ್ಲ ಹೊರಗಿನಿಂದ ಊಹಿಸುವ ಗುರುತುಗಳು.

ಹೆರಿಗೆ ಬ್ಯಾನಿಯಲ್ಲಿ ಗರ್ಭಕೋಶದ ಮೇಲ್ಭಾಗ ಬಿಗಿದು ಕೂಸನ್ನು ಕೆಳಗೆ ಒತ್ತುತ್ತದೆ. ಕೂಸಿನ ತಲೆ ಆ ಬಾಯಿಯನ್ನು ಒತ್ತುತ್ತದೆ. ಒತ್ತಿದ ಸುದ್ದಿ ನರಗಳ ಮೂಲಕ ತಾಯಿಯ ಮಿದುಳಿಗೆ ಹೋಗುತ್ತದೆ. ಅಲ್ಲಿಂದ ಆಕ್ಸಿಟೋಸಿನ್ ಅನ್ನುವ ಹಾರ್ಮೋನ್ ರಕ್ತಕ್ಕೆ ಬರುತ್ತದೆ. ಅದರಿಂದ ಗರ್ಭಕೋಶ ಇನ್ನೂ ಜೋರಾಗಿ ಬಿಗಿಯುತ್ತದೆ, ತಲೆ ಇನ್ನೂ ಒತ್ತುತ್ತದೆ, ಇನ್ನಷ್ಟು ಆಕ್ಸಿಟೋಸಿನ್ ಬರುತ್ತದೆ. ಗಾಣದ ಎತ್ತು ಸುತ್ತಿದ ಹಾಗೆ ಇದು ಸುತ್ತುತ್ತಲೇ ಇರುತ್ತದೆ, ಸುತ್ತು ಸುತ್ತಿಗೂ ಜೋರು ಜಾಸ್ತಿ. ಅದಕ್ಕೇ ನೀರು ಕುಡಿದರೂ, ಮಗ್ಗುಲು ಬದಲಿಸಿದರೂ, ಅಡ್ಡಾಡಿದರೂ ಇದು ನಿಲ್ಲುವುದಿಲ್ಲ. ಹಲವರಿಗೆ ನೋವು ಬೆನ್ನಿನ ಕೆಳಗೆ, ಟೊಂಕದಲ್ಲಿ ಶುರುವಾಗಿ ಸುತ್ತಿಕೊಂಡು ಹೊಟ್ಟೆಯ ಮುಂದಕ್ಕೆ ಬರುತ್ತದೆ. ಎಲ್ಲರಿಗೂ ಹಾಗೇ ಅಂತಲ್ಲ. ಟೊಂಕ ನೋಯುತ್ತಿಲ್ಲ ಅಂದಮಾತ್ರಕ್ಕೆ ಹೆರಿಗೆ ಅಲ್ಲ ಅಂದುಕೊಳ್ಳಬೇಡಿ.

ಚೊಚ್ಚಲಿನವರಿಗೆ ಗೊಂದಲ ಆಗುವುದು ಇವೆರಡರ ನಡುವಿನ ಹೊತ್ತಿನಲ್ಲಿ. ಬ್ಯಾನಿ ನಿಜವಾದದ್ದೇ, ಬಾಯಿ ನಿಧಾನವಾಗಿ ತೆರೆಯುತ್ತಿದೆ, ಆದರೆ ಇನ್ನೂ ವೇಗ ಹಿಡಿದಿಲ್ಲ. ಈ ಹಂತ ಕೆಲವರಿಗೆ ಕೆಲವೇ ಗಂಟೆ, ಕೆಲವರಿಗೆ ಒಂದು ದಿನಕ್ಕಿಂತ ಜಾಸ್ತಿ. ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಹೆರಿಗೆ ವೇಗ ಹಿಡಿಯಿತು ಅಂತ ಲೆಕ್ಕ ಹಾಕಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. "ಬೆಳಿಗ್ಗೆಯಿಂದ ಬ್ಯಾನಿ ತಿನ್ನಾಕತ್ತಾಳ, ಇನ್ನೂ ಎರಡೇ ಸೆಂಟಿಮೀಟರ್ ಅಂತೀರಲ್ರಿ ಸಿಸ್ಟರ್" ಅಂತ ಎಷ್ಟೋ ಅತ್ತೆಯಂದಿರು ನನ್ನ ಕೈ ಹಿಡಿದು ಕೇಳಿದ್ದಾರೆ. ಗಾಬರಿಯಾಗಬೇಡಿ. ಆ ಹೊತ್ತಿನಲ್ಲಿ ಅವಳಿಗೆ ಸ್ವಲ್ಪ ಗಂಜಿ, ನೀರು, ನಿದ್ದೆ ಸಿಕ್ಕರೆ ಮುಂದಿನ ಶ್ರಮಕ್ಕೆ ಶಕ್ತಿ ಉಳಿಯುತ್ತದೆ.

ಲೆಕ್ಕ ಹಾಕುವುದು, ಹೊರಡುವುದು

ಅಂತರ ಅಳೆಯುವಾಗ ಒಂದು ನೋವು ಶುರುವಾದ ಹೊತ್ತಿನಿಂದ ಮುಂದಿನ ನೋವು ಶುರುವಾಗುವ ಹೊತ್ತಿನವರೆಗೆ ಅಳೆಯಬೇಕು. ಮುಗಿದಲ್ಲಿಂದ ಅಲ್ಲ. ತುಂಬ ಜನ ಇಲ್ಲೇ ತಪ್ಪುತ್ತಾರೆ. ಮೊಬೈಲಿನ ಗಡಿಯಾರ ಸಾಕು. ಬರೆಯುವ ಕೆಲಸವನ್ನು ಗಂಡನಿಗೋ ತಮ್ಮನಿಗೋ ಕೊಡಿ, ಬಸುರಿಯ ಕೈಗೆ ಬೇಡ. ಅಂಗಳದಲ್ಲಿ ಸುಮ್ಮನೆ ತಿರುಗಾಡುವ ಗಂಡಸರಿಗೆ ಅದೊಂದು ಒಳ್ಳೆಯ ಕೆಲಸವೂ ಆಗುತ್ತದೆ.

ಐದು ನಿಮಿಷಕ್ಕೊಂದು ನೋವು, ಒಂದೊಂದೂ ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಆಸ್ಪತ್ರೆಗೆ ಹೊರಡಿ ಅನ್ನುವ ಲೆಕ್ಕ ಎಲ್ಲೆಡೆ ಚಾಲ್ತಿಯಲ್ಲಿದೆ. ಚೊಚ್ಚಲಿನವರು, ಬೇರೆ ತೊಂದರೆ ಇಲ್ಲದವರು, ಆಸ್ಪತ್ರೆ ಹತ್ತಿರ ಇರುವವರಿಗೆ ಅದು ಸರಿ. ವಿದ್ಯಾನಗರದಲ್ಲೋ ಸಪ್ತಾಪುರದಲ್ಲೋ ಮನೆ ಇದ್ದರೆ ಅಷ್ಟು ಹೊತ್ತು ಇರಬಹುದು. ಹಳ್ಳಿಯಲ್ಲಿದ್ದವರು ಹಾಗೆ ಕಾಯಬಾರದು ಅನ್ನುವುದು ನನ್ನ ಅಭಿಪ್ರಾಯ. ಎರೆಭೂಮಿಯ ದಾರಿ ಮಳೆಯಲ್ಲಿ ಹೇಗಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಬೆಣ್ಣೆಹಳ್ಳ ತುಂಬಿ ಬಂದರೆ ನವಲಗುಂದ, ಕುಂದಗೋಳ ಕಡೆಯ ಊರುಗಳ ದಾರಿಯೇ ಮುಚ್ಚಿಹೋಗುತ್ತದೆ. ಅಂಥ ಊರಿನವರು ನೋವು ಹತ್ತು ನಿಮಿಷಕ್ಕೊಂದು ಅಂತ ಒಂದು ಹದಕ್ಕೆ ಬಂದಾಗಲೇ ಹೊರಡಿ. ಮಳೆಗಾಲದಲ್ಲಿ ದಿನ ಹತ್ತಿರ ಬಂದಿದ್ದರೆ ಊರು ಬಿಟ್ಟು ಪಟ್ಟಣದ ನೆಂಟರ ಮನೆಯಲ್ಲಿ ಇರುವುದು ಇನ್ನೂ ಒಳ್ಳೆಯದು. ನಮ್ಮ ತಂಗಿಯನ್ನು ಆ ಎರಡನೇ ರಾತ್ರಿ ಏಳು ನಿಮಿಷದ ಅಂತರ ನೋಡಿ ಕರೆದುಕೊಂಡು ಹೋದೆವು.

ಎರಡನೇ, ಮೂರನೇ ಹೆರಿಗೆಯಾದರೆ ಇನ್ನೂ ಬೇಗ ಹೊರಡಿ. ದಾರಿ ಒಮ್ಮೆ ಆಗಿರುವುದರಿಂದ ಹೆರಿಗೆ ಬೇಗ ಆಗುತ್ತದೆ. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ಅವಳಿ ಜವಳಿ ಇದ್ದರೆ, ಕೂಸು ಅಡ್ಡ ಇದೆ ಅಂತಲೋ ಕಾಲು ಮುಂದಾಗಿದೆ ಅಂತಲೋ ಸ್ಕ್ಯಾನಿಂಗಿನಲ್ಲಿ ಹೇಳಿದ್ದರೆ, ಬಿಪಿ ಇದ್ದರೆ, ಈ ಗಂಟೆಯ ಲೆಕ್ಕ ನಿಮಗಲ್ಲ. ಬ್ಯಾನಿ ಅನ್ನಿಸಿದ ಕೂಡಲೇ ಹೋಗಿ.

108 ಆಂಬುಲೆನ್ಸ್ ಕರ್ನಾಟಕದಲ್ಲಿ 2008ರಿಂದ ಇದೆ. 2011ರಲ್ಲಿ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ, ಸಿಸೇರಿಯನ್ ಆದರೂ ಕೂಡ, ದುಡ್ಡು ಕೊಡಬೇಕಿಲ್ಲ. ಹೋಗಿ ಬರುವ ವಾಹನವೂ ಅದರಲ್ಲೇ ಸೇರಿದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯ ನಂಬರ್ ಮನೆಯ ಎಲ್ಲರ ಫೋನಿನಲ್ಲೂ ಇರಲಿ. ತಾಯಿ ಕಾರ್ಡ್, ರಕ್ತದ ರಿಪೋರ್ಟ್, ಸ್ಕ್ಯಾನಿಂಗ್ ಕಾಗದ, ಎರಡು ಹಳೆಯ ಮೆತ್ತನೆ ಸೀರೆ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇಡಿ.

ಗಡಿಯಾರ ನೋಡಬಾರದ ಹೊತ್ತು

37 ವಾರ ತುಂಬುವ ಮೊದಲೇ ಬಿಗಿತ ಒಂದು ಹದದಲ್ಲಿ ಬರತೊಡಗಿದರೆ, ಅಂದರೆ ಹತ್ತು ನಿಮಿಷಕ್ಕೊಂದರಂತೆ ಬರುತ್ತಿದ್ದರೆ, ನೋವು ಇರಲಿ ಬಿಡಲಿ, ಆಸ್ಪತ್ರೆಗೆ ಹೋಗಬೇಕು. ಕೆಳಹೊಟ್ಟೆ ಜಗ್ಗಿದ ಹಾಗೆ, ಮುಟ್ಟಿನ ನೋವಿನ ಹಾಗೆ ಅನ್ನಿಸಿದರೂ ಅಷ್ಟೇ. ಕೆಲವೊಮ್ಮೆ ಇದಕ್ಕೆ ಮೂತ್ರದ ಸೋಂಕು ಕಾರಣ ಇರುತ್ತದೆ. ಉಚ್ಚೆ ಉರಿ, ಜ್ವರ ಇದ್ದರೆ ಹೇಳಿ. ದಿನ ತುಂಬದೆ ಹುಟ್ಟುವ ಹಾಗಿದ್ದರೆ ಕೂಸಿನ ಶ್ವಾಸಕೋಶ ಬಲಿಯಲಿ ಅಂತ ತಾಯಿಗೆ ಕೊಡುವ ಇಂಜೆಕ್ಷನ್ ಇದೆ. ಅದು ಪೂರ್ತಿ ಕೆಲಸ ಮಾಡಲು ಒಂದೆರಡು ದಿನ ಬೇಕು. ಒಂದು ರಾತ್ರಿ ಮನೆಯಲ್ಲಿ ಕಾದರೆ ಆ ಹೊತ್ತೇ ಕೈತಪ್ಪುತ್ತದೆ.

ನೀರು ಹೋದರೆ ಕಾಯುವಂತಿಲ್ಲ. ದಿನ ತುಂಬಿದವರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಬ್ಯಾನಿ ಬರುವ ಮೊದಲೇ ನೀರಿನ ಚೀಲ ಒಡೆಯುತ್ತದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಭಸಕ್ಕನೆ ಸುರಿಯಬೇಕು ಅಂತಿಲ್ಲ, ಸಣ್ಣಗೆ ಜಿನುಗುತ್ತಲೂ ಇರಬಹುದು. ಉಚ್ಚೆಯೋ ನೀರೋ ಅಂತ ಅನುಮಾನ ಬಂದರೆ ಒಣ ಬಿಳಿ ಬಟ್ಟೆ ಇಟ್ಟುಕೊಂಡು ಅರ್ಧ ಗಂಟೆ ಮಲಗಿ ಎದ್ದು ನೋಡಿ. ಉಚ್ಚೆಯ ವಾಸನೆ ಇಲ್ಲದೆ ಮತ್ತೆ ಒದ್ದೆಯಾಗಿದ್ದರೆ ಹೊರಡಿ. ಬಟ್ಟೆಯ ಮೇಲೆ ಹಸಿರು ಅಥವಾ ಕಂದು ಬಣ್ಣ ಕಂಡರೆ ಕೂಸು ಒಳಗೇ ಹೇತಿದೆ ಅಂತ ಅರ್ಥ, ಆಗ ಒಂದು ನಿಮಿಷವೂ ತಡ ಮಾಡಬಾರದು.

ರಕ್ತದ ವಿಷಯದಲ್ಲಿ ಒಂದು ವ್ಯತ್ಯಾಸ ತಿಳಿದಿರಿ. ದಿನ ತುಂಬಿದ ಮೇಲೆ ರಕ್ತದ ಎಳೆ ಬೆರೆತ ಲೋಳೆ ಹೋದರೆ ಹೆರಿಗೆ ಹತ್ತಿರ ಬಂತು ಅಂತ. ಅದು ಒಂದೆರಡು ದಿನ ಮೊದಲೇ ಹೋಗಬಹುದು, ಭಯ ಬೇಡ. ಮುಟ್ಟಿನ ಹಾಗೆ ಕೆಂಪು ರಕ್ತ ಹೋಗುತ್ತಿದ್ದರೆ ಬೇರೆ ಮಾತು, ಕೂಡಲೇ ಹೊರಡಿ. ಹೊಟ್ಟೆ ಬಿಗಿದದ್ದು ಸಡಿಲವೇ ಆಗದೆ ಕಟ್ಟಿಗೆಯ ಹಾಗೆ ನಿಂತು, ಬಿಡುವೇ ಇಲ್ಲದ ನೋವಿದ್ದರೂ ಹಾಗೇ. ಹೆರಿಗೆ ಬ್ಯಾನಿಗೆ ಬಿಡುವು ಇರುತ್ತದೆ. ಬಿಡುವಿಲ್ಲದ ನೋವು ಬೇರೆಯೇ ಅಪಾಯ. ತಲೆ ಸಿಡಿಯುವುದು, ಕಣ್ಣು ಮಂಜಾಗುವುದು, ಮುಖ ಬಾವು ಬರುವುದು, ಫಿಟ್ಸ್ ಬರುವುದು, ಇವು ಬಿಪಿ ಏರಿದ ಲಕ್ಷಣ. ಇವಕ್ಕೂ ಗಂಟೆ ಗಡಿಯಾರ ಇಲ್ಲ.

ಕೂಸು ಆಡುವುದರ ಬಗ್ಗೆ ನಮ್ಮ ಕಡೆ ಒಂದು ತಪ್ಪು ತಿಳಿವಳಿಕೆ ಇದೆ. "ದಿನ ತುಂಬ್ಯಾವ, ಜಾಗ ಇಲ್ಲ, ಅದಕ್ಕ ಆಡವಲ್ದು" ಅಂತಾರೆ. ಹಾಗಲ್ಲ. ಆಡುವ ರೀತಿ ಬದಲಾಗಬಹುದು, ಒದೆಯುವ ಬದಲು ಹೊರಳಾಡಿದ ಹಾಗೆ ಅನ್ನಿಸಬಹುದು. ಆದರೆ ಕಡಿಮೆ ಆಗಬಾರದು, ಹೆರಿಗೆ ಬ್ಯಾನಿ ನಡೆದಿರುವಾಗಲೂ. ಅನುಮಾನ ಬಂದರೆ ಏನಾದರೂ ತಿಂದು ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ ಹತ್ತು ಸಲ ಆಡದಿದ್ದರೆ, ರಾತ್ರಿಯಾಗಲಿ ಹಗಲಾಗಲಿ, ಹೋಗಿ ಕೂಸಿನ ಎದೆಬಡಿತ ಕೇಳಿಸಿಕೊಂಡು ಬನ್ನಿ. ಪೂರ್ತಿ ನಿಂತಂತೆ ಅನ್ನಿಸಿದರೆ ಎಣಿಸುತ್ತ ಕೂರಬೇಡಿ.

ಎರಡು ಕೆಲಸ ಮಾತ್ರ ಮಾಡಬೇಡಿ. ಬ್ಯಾನಿ ಬರಲಿ ಅಂತ ಔಡಲೆಣ್ಣೆ ಕುಡಿಸಬೇಡಿ. ಭೇದಿಯಾಗಿ ನೀರು ಹೋಗಿ ಸುಸ್ತಾಗಿ ಬಂದವರನ್ನು ನೋಡಿದ್ದೇನೆ. ಇನ್ನೊಂದು, ಬ್ಯಾನಿ ಜೋರಾಗಲಿ ಅಂತ ಮನೆಯಲ್ಲೇ ಯಾರಿಂದಲಾದರೂ ಇಂಜೆಕ್ಷನ್ ಮಾಡಿಸುವುದು. ಆಕ್ಸಿಟೋಸಿನ್ನನ್ನು ಆಸ್ಪತ್ರೆಯಲ್ಲಿ ನಾವು ಹನಿ ಹನಿಯಾಗಿ, ಕೂಸಿನ ಎದೆಬಡಿತ ನೋಡುತ್ತ ನೋಡುತ್ತ ಕೊಡುತ್ತೇವೆ. ಅದನ್ನೇ ಮನೆಯಲ್ಲಿ ಒಮ್ಮೆಲೇ ಚುಚ್ಚಿದರೆ ಗರ್ಭಕೋಶ ಬಿಡುವಿಲ್ಲದೆ ಬಿಗಿದು ಕೂಸಿಗೆ ಉಸಿರು ಕಟ್ಟಬಹುದು, ಗರ್ಭಕೋಶವೇ ಹರಿಯಬಹುದು.

ಸುಳ್ಳು ಬ್ಯಾನಿ ಅಂತ ವಾಪಸ್ ಕಳಿಸಿದರೆ

ಒಬ್ಬಳು ಹೆಣ್ಣುಮಗಳ ವಿಷಯ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಮೊದಲ ಸಲ ಬ್ಯಾನಿ ಅಂತ ಬೇರೊಂದು ಆಸ್ಪತ್ರೆಗೆ ಹೋದಾಗ, "ಏನೂ ಇಲ್ಲದ ಯಾಕ ಬಂದೀರಿ" ಅಂತ ಅಲ್ಲಿ ಯಾರೋ ಬೈದಿದ್ದರಂತೆ. ಗಾಡಿ ಬಾಡಿಗೆ ದಂಡ ಆಯಿತು ಅಂತ ಮನೆಯಲ್ಲೂ ಮಾತು ಬಂತು. ಮೂರನೇ ದಿನ ನಿಜವಾದ ಬ್ಯಾನಿ ಬಂದಾಗ ಅವಳು ಹಲ್ಲು ಕಚ್ಚಿಕೊಂಡು ಯಾರಿಗೂ ಹೇಳದೆ ಕೂತಳು. ನಮ್ಮ ವಾರ್ಡಿಗೆ ಬರುವ ದಾರಿಯಲ್ಲೇ, ಟಂಟಂನಲ್ಲಿ, ಹೆರಿಗೆ ಆಯಿತು. ತಾಯಿ ಮಗು ಉಳಿದರು. ಆದರೆ ರಕ್ತ ತುಂಬ ಹೋಗಿತ್ತು.

ನೋಡಿ, ಸುಳ್ಳು ಬ್ಯಾನಿಯೋ ಅಲ್ಲವೋ ಅಂತ ಮನೆಯಲ್ಲಿ ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ. ನನಗೂ ಆಗಲಿಲ್ಲ. ಮೊದಲ ರಾತ್ರಿ ಹನ್ನೊಂದೂವರೆಗೆ ನಾನೂ ಚೀಲ ತೆಗೆದಿಟ್ಟಿದ್ದೆ. ನಾವು ಆಸ್ಪತ್ರೆಯಲ್ಲಿ ಕೂಡ ಒಳಗೆ ಪರೀಕ್ಷೆ ಮಾಡಿ, ಕೆಲವು ಗಂಟೆ ಬಿಟ್ಟು ಮತ್ತೆ ಮಾಡಿ, ಬಾಯಿ ಮುಂದುವರಿದಿದೆಯಾ ಅಂತ ನೋಡಿಯೇ ಹೇಳುವುದು. ನಾಲ್ಕು ಸಲ ಬಂದು ನಾಲ್ಕೂ ಸಲ ವಾಪಸ್ ಹೋದರೂ ಅದು ನಿಮ್ಮ ತಪ್ಪಲ್ಲ.

ವಾಪಸ್ ಕಳಿಸುವಾಗ ಮೂರು ಮಾತು ಕೇಳಿಕೊಂಡೇ ಹೊರಡಿ. ಬಾಯಿ ಈಗ ಎಷ್ಟು ತೆರೆದಿದೆ? ಕೂಸಿನ ಎದೆಬಡಿತ ಸರಿ ಇದೆಯಾ? (ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು.) ನಮ್ಮ ಊರು ಇಷ್ಟು ದೂರ, ಹಾಗಿದ್ದರೆ ಮತ್ತೆ ಯಾವಾಗ ಬರಬೇಕು? ಉತ್ತರವನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮುಂದಿನ ಸಲ ಬೇರೆ ಪಾಳಿಯ ನರ್ಸ್ ಇದ್ದರೂ ಅದನ್ನು ನೋಡಿದ ಕೂಡಲೇ ಅವಳಿಗೆ ತಿಳಿಯುತ್ತದೆ. ತಂಗಿಯ ಕಾರ್ಡಿನಲ್ಲಿ ಆ ಬೆಳಗಿನ ಜಾವ ನಾನೇ ಬರೆಸಿದೆ: 4:30ಕ್ಕೆ 3 ಸೆಂಟಿಮೀಟರ್, ಎದೆಬಡಿತ 140. ಅವಳನ್ನು ವಾಪಸ್ ಕಳಿಸಲಿಲ್ಲ. ಮಧ್ಯಾಹ್ನ 3:40ಕ್ಕೆ ಹೆಣ್ಣು ಕೂಸು ಹುಟ್ಟಿತು. ಕ್ಯಾಲೆಂಡರಿನ ಹಾಳೆಯ ಕೊನೆಗೆ ಅವ್ವ ಅದನ್ನೂ ಬರೆಸಿದಳು.